ಮಿನಾರೆಟ್ ನಿಷೇಧ: ಬೆಂಬಲ ಎಲ್ಲಿ ಹೆಚ್ಚಿತ್ತು?

"ಮುಸ್ಲಿಮರು ಹೆಚ್ಚಿರುವ ಕಡೆಯೇ ಇಸ್ಲಾಂ ಬಗ್ಗೆ ವಿರೋಧ ಹೆಚ್ಚಲ್ಲವೇ, ಸ್ವಿಟ್ಜರ್ಲೆಂಡ್ ಮಿನಾರೆಟ್ (ಮಸೀದಿಯ ಗೋಪುರ) ಕಟ್ಟುವುದನ್ನು ನಿಷೇಧಿಸಿದ್ದು ಅದಕ್ಕೇ ಅಲ್ಲವೇ?" ಎಂದು ಕೇಳಿದ್ದೀರಿ. ಆ ದೇಶದ ಮತಗಳು ಅಷ್ಟು ಸರಳವಾಗಿ ಹಾಗೆ ಹೇಳುವುದಿಲ್ಲ.

2009ರ ನವೆಂಬರ್ 29ರ ಜನಮತಗಣನೆಯಲ್ಲಿ ಶೇ. 57.5ರಷ್ಟು ಮತದಾರರು ನಿಷೇಧದ ಪರ ನಿಂತರು. ಆಗ ಇಡೀ ದೇಶದಲ್ಲಿದ್ದ ಮಿನಾರೆಟ್‌ಗಳು ಕೇವಲ ನಾಲ್ಕು! ಜ್ಯೂರಿಕ್‌ನದು 1963ರಿಂದಲೂ ಅಲ್ಲಿದೆ. ವಿವಾದ ಕಾವೇರಿದ್ದು ವಾಂಗೆನ್ ಎಂಬ ಸಣ್ಣ ಊರಿನಲ್ಲಿ ತುರ್ಕಿ ಸಂಘವೊಂದು ಆರು ಮೀಟರ್ ಎತ್ತರದ ಮಿನಾರೆಟ್ ಕಟ್ಟಲು ಹೊರಟಾಗ.

ನಿಷೇಧವನ್ನು ತಿರಸ್ಕರಿಸಿದವರು ಯಾರು ನೋಡಿ: ಜಿನೀವಾ, ವೋ, ನ್ಯೂಶಾಟೆಲ್ ಮತ್ತು ಬಾಸೆಲ್ ನಗರ ಕ್ಯಾಂಟನ್‌ಗಳು (ಕ್ಯಾಂಟನ್ ಎಂದರೆ ಸ್ವಿಸ್ ರಾಜ್ಯ). ನಿಷೇಧಕ್ಕೆ ಶೇ. 70ಕ್ಕೂ ಹೆಚ್ಚು ಮತ ಬಿದ್ದದ್ದು ಆಪೆನ್‌ಜೆಲ್ ಇನ್ನರ್‌ಹೋಡನ್‌ನಲ್ಲಿ, ಬೆಟ್ಟಗಳ ನಡುವಿನ ಪುಟ್ಟ ಕ್ಯಾಂಟನ್‌ನಲ್ಲಿ. ಮುಸ್ಲಿಮರ ಸಂಖ್ಯೆಯೊಂದೇ ಕಾರಣ ಎನ್ನಲಾರೆ. ನಗರ-ಹಳ್ಳಿ, ಫ್ರೆಂಚ್-ಜರ್ಮನ್ ಭಾಷಾ ಪ್ರದೇಶಗಳ ರಾಜಕೀಯ ಒಲವುಗಳೂ ಬೇರೆ ಬೇರೆ.

ನನ್ನನ್ನು ಹೆಚ್ಚು ನೋಯಿಸುವುದು ಇನ್ನೊಂದು ಸಂಗತಿ. ಅಲ್ಲಿನ ಮುಸ್ಲಿಮರಲ್ಲಿ ಬಹುಪಾಲು ಜನ ಬೋಸ್ನಿಯಾ, ಕೊಸೊವೊ, ಮ್ಯಾಸಿಡೋನಿಯಾ, ತುರ್ಕಿಗಳಿಂದ ದುಡಿಯಲು ಬಂದವರು ಅಥವಾ ಯುದ್ಧದಿಂದ ತಪ್ಪಿಸಿಕೊಂಡು ಬಂದವರು. ಅವರಲ್ಲಿ ಅನೇಕರಿಗೆ ಸ್ವಿಸ್ ಪೌರತ್ವವಿರಲಿಲ್ಲ, ಹಾಗಾಗಿ ಮತವೂ ಇರಲಿಲ್ಲ. ತಮ್ಮ ಮಸೀದಿಯ ಬಗೆಗಿನ ತೀರ್ಮಾನವನ್ನು ಅವರು ದೂರದಲ್ಲಿ ನಿಂತು ನೋಡಬೇಕಾಯಿತು. ಸರ್ಕಾರ, ಸಂಸತ್ತು ಎರಡೂ ವಿರೋಧಿಸಿದ್ದ ಈ ನಿಷೇಧ ಇಂದಿಗೂ ಸಂವಿಧಾನದ 72ನೇ ವಿಧಿಯಲ್ಲಿದೆ.