ಮೂರು ಲಕ್ಷ ಓಡಿದ ಪಿಕಪ್: ಇಂಜಿನ್ ಆಮೇಲೆ, ಮೊದಲು ಬ್ರೇಕ್

ಅಣ್ಣಾ, ಪಿಕಪ್ ಮೂರು ಲಕ್ಷ ಕಿಲೋಮೀಟರ್ ಓಡಿದೆ, ಇಂಜಿನ್ ಚೆನ್ನಾಗಿದೆ, ಆದ್ರೆ ಶುಂಠಿ ಹೇರಿಕೊಂಡು ಚಾರ್ಮಾಡಿ ಇಳಿಯುವಾಗ ಬ್ರೇಕ್ ಪೆಡಲ್ ಮೆತ್ತಗಾಗುತ್ತದೆ, ಕೆಳಗೆ ಟೀ ಕುಡಿದು ಹೊರಟರೆ ಮತ್ತೆ ಸರಿಹೋಗುತ್ತದೆ, ಸೀಸನ್ ಮುಗಿಯಲಿ ಆಮೇಲೆ ತೋರಿಸಿದರೆ ಸಾಲದಾ ಅಂತ ಕೇಳಿದ್ದೀರಿ. ಸಾಲದು. ಇಂಜಿನ್ ಕೆಟ್ಟರೆ ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ ಮೆಕ್ಯಾನಿಕ್‌ಗೆ ಫೋನ್ ಮಾಡಬಹುದು, ಇಳಿಜಾರಿನಲ್ಲಿ ಬ್ರೇಕ್ ಹೋದರೆ ಫೋನ್ ತೆಗೆಯೋಕೂ ಟೈಮ್ ಇರುವುದಿಲ್ಲ.

ತಣ್ಣಗಾದ ಮೇಲೆ ಸರಿಹೋಗುತ್ತದೆ ಅಂದ್ರೆ ನನ್ನ ಮೊದಲ ಅನುಮಾನ ಬ್ರೇಕ್ ಆಯಿಲ್ ಮೇಲೆ. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ, ನಮ್ಮ ಮಲೆನಾಡಲ್ಲಿ ತೇವಕ್ಕೆ ಬರವೇ? ಹೊಸ ಡಾಟ್ 3 (ಬ್ರೇಕ್ ಆಯಿಲ್‌ನ ಒಂದು ದರ್ಜೆ) ಕುದಿಯೋಕೆ 205 ಡಿಗ್ರಿ ಸೆಲ್ಸಿಯಸ್ ಆದರೂ ಬೇಕು, ನೀರು ಸೇರಿದ್ದು 140ರ ಹತ್ತಿರವೇ ಕುದಿಯಬಹುದು. ಕುದ್ದರೆ ಪೈಪಿನೊಳಗೆ ಆವಿ. ನೀವು ಪೆಡಲ್ ಒತ್ತಿದಷ್ಟೂ ಆ ಆವಿ ಅದುಮಿಕೊಳ್ಳುತ್ತದೆ, ಚಕ್ರಕ್ಕೆ ಬಲ ಮುಟ್ಟುವುದಿಲ್ಲ. ಸುಮ್ನೆ ಟಾಪ್ ಅಪ್ ಮಾಡಬೇಡಿ, ಹಳೆಯದನ್ನು ಪೂರ್ತಿ ತೆಗೆಸಿ ಇನ್ನೂ ಹೆಚ್ಚು ಬಿಸಿ ತಡೆಯುವ ಡಾಟ್ 4 ಹಾಕಿಸಿ, ಪೈಪಿನಲ್ಲಿ ಸೇರಿದ ಏರ್ (ಗಾಳಿ) ತೆಗೆಸಿ. ಎರಡು ವರ್ಷಕ್ಕೊಮ್ಮೆ ಇದನ್ನು ಮಾಡಲೇಬೇಕು.

ಮನೆ ಅಂಗಳದಲ್ಲೇ ಒಂದು ಟೆಸ್ಟ್ ಮಾಡಿ. ಇಂಜಿನ್ ಆನ್ ಇಟ್ಟು ಪೆಡಲ್ ಗಟ್ಟಿಯಾಗಿ ಒತ್ತಿ ಒಂದು ನಿಮಿಷ ಹಾಗೇ ಹಿಡಿಯಿರಿ. ಮೆಲ್ಲಗೆ ಕೆಳಗೆ ಇಳಿಯುತ್ತಾ ಹೋದರೆ ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್‌ನ ವಾಷರ್ ಹೋಗಿದೆ ಅಥವಾ ಎಲ್ಲೋ ಸೋರುತ್ತಿದೆ. ಎರಡು ಮೂರು ಸಲ ಪಂಪ್ ಮಾಡಿದರೆ ಮೇಲೆ ಬರುತ್ತದಾ, ಹಾಗಾದರೆ ಏರ್ ಇದೆ ಅಥವಾ ಚಕ್ರದ ಡ್ರಮ್ಮಿಗೆ ಒಳಗಿಂದ ಒತ್ತಿ ನಿಲ್ಲಿಸುವ ಬ್ರೇಕ್ ಶೂ ಸವೆದಿದೆ.

ಹಿಂದಿನ ಚಕ್ರದ ಒಳಮೈಗೆ ಟಾರ್ಚ್ ಬಿಡಿ. ಧೂಳು ಎಣ್ಣೆಗೆ ಅಂಟಿ ಕಪ್ಪು ಗಸಿಯಾಗಿದ್ದರೆ ಆಕ್ಸಲ್ ಆಯಿಲ್ ಹೊರಬರದಂತೆ ತಡೆಯುವ ಹಬ್ ಸೀಲ್ ಹೋಗಿ ಆ ಆಯಿಲ್ ಶೂ ಮೇಲೆ ಬರುತ್ತಿರಬಹುದು. ಅಂಥ ಶೂವನ್ನು ಪೆಟ್ರೋಲಲ್ಲಿ ತೊಳೆದು ಮತ್ತೆ ಹಾಕುವವರಿದ್ದಾರೆ. ಒಪ್ಪಬೇಡಿ, ಎರಡೂ ಕಡೆ ಹೊಸದು ಹಾಕಿಸಿ. ಬ್ರೇಕ್ ಆಯಿಲ್ ಹೋಗುವ ರಬ್ಬರ್ ಹೋಸ್ ಬಗ್ಗಿಸಿ ನೋಡಿ, ಬಿರುಕಿದ್ದರೆ ಅದೂ ಹೊಸದು.

ಗಾಡಿ ಎತ್ತಿದಾಗಲೇ ಮುಂದಿನ ಚಕ್ರ ತಿರುಗಿಸುವ ಟೈರಾಡ್ ಎಂಡ್, ಬಾಲ್ ಜಾಯಿಂಟ್, ಪಾಟಾ (ಭಾರ ಹೊರುವ ಪಟ್ಟಿ ಸ್ಪ್ರಿಂಗ್), ಅದನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್ ನೋಡಿಸಿಬಿಡಿ. ಒಬ್ಬರು ಸ್ಟೀರಿಂಗ್ ಅಲ್ಲಾಡಿಸಲಿ, ಇನ್ನೊಬ್ಬರು ಜಾಯಿಂಟ್ ಮೇಲೆ ಕೈ ಇಡಲಿ, ಆಟ ಇದ್ದರೆ ಬೆರಳಿಗೇ ಗೊತ್ತಾಗುತ್ತದೆ. ಪಾಟಾದಲ್ಲಿ ಕೆಂಪು ತುಕ್ಕಿನ ಗೆರೆ ಅಡ್ಡ ಹೋಗಿದ್ದರೆ ಅಲ್ಲಿ ಬಿರುಕಿರಬಹುದು.

ಇನ್ನು ಡೀಸೆಲ್ ಉಳಿಸೋಕೆ ಇಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಇಳಿಸುವ ಚಾಳಿ ನಮ್ಮ ಕಡೆ ಜಾಸ್ತಿ. ಪೆಡಲ್ ಹಗುರ ಮಾಡುವ ಬೂಸ್ಟರ್‌ಗೆ ವ್ಯಾಕ್ಯೂಮ್ ಬರೋದೇ ಇಂಜಿನ್ ಓಡುತ್ತಿದ್ದರೆ, ಆಫ್ ಮಾಡಿದರೆ ಒಂದೆರಡು ಸಲ ಒತ್ತುವಷ್ಟರಲ್ಲಿ ಪೆಡಲ್ ಕಲ್ಲಾಗುತ್ತದೆ. ಹತ್ತುವ ಗೇರಲ್ಲೇ ಇಳಿಯಿರಿ. ಅಕಸ್ಮಾತ್ ಬ್ರೇಕ್ ಕೈಕೊಟ್ಟರೆ ಪೆಡಲ್ ಪಂಪ್ ಮಾಡುತ್ತಾ ಒಂದೊಂದೇ ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ನಿಧಾನ ಎಳೆಯಿರಿ, ಏನೂ ಆಗದಿದ್ದರೆ ಗುಡ್ಡದ ಬದಿಯ ಧರೆಗೆ ಒರೆಸಿ ನಿಲ್ಲಿಸಿ. ಹಿಂದೆ ಆಳುಗಳನ್ನಂತೂ ಕೂರಿಸಲೇಬೇಡಿ.

ಈ ವಾರದ ಶುಂಠಿಗೆ ಬಾಡಿಗೆ ಗಾಡಿ ಮಾಡಿ. ಡ್ರಮ್ ಬಿಚ್ಚಿದಾಗ ಫೋಟೋ ಹಾಕಿ, ಶೂ ಎಷ್ಟು ಉಳಿದಿದೆ ನೋಡೋಣ.