ಸಂಜೆ ಆರಕ್ಕೆ ಹೋಗಿ ನೋಡಿ

ಪ್ರಶ್ನೆ: ಅಮ್ಮನಿಗೆ 74 ವರ್ಷ. ಆಲ್ಝೈಮರ್ಸ್ ಅಂತ ಗೊತ್ತಾಗಿ ನಾಲ್ಕು ವರ್ಷವಾಯಿತು. ಕತ್ತಲಾಗುತ್ತಿದ್ದಂತೆ ‘ಎಮ್ಮಿ ಹಿಂಡಬೇಕು, ಮನಿಗೆ ಹೋಗ್ತೀನಿ’ ಅಂತ ಬಾಗಿಲಿಗೆ ಬರುತ್ತಾರೆ. ಎರಡು ಸಲ ರಾತ್ರಿ ಬೀದಿಗೆ ಹೋಗಿಬಿಟ್ಟಿದ್ದರು. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಹತ್ತು ಜನರನ್ನಷ್ಟೇ ಇಟ್ಟುಕೊಳ್ಳುವ ಒಂದು ಆರೈಕೆ ಮನೆ ನೋಡಿ ಬಂದೆವು. ಚೊಕ್ಕಟವಾಗಿದೆ, ನಡೆಸುವವರು ಚೆನ್ನಾಗಿ ಮಾತಾಡಿದರು. ಇಷ್ಟು ಸಾಕೇ?
– ಹೆಸರು ಬೇಡ, ವಿದ್ಯಾನಗರ, ದಾವಣಗೆರೆ

ಉತ್ತರ: ಸಾಲದು. ಫೋನ್ ಮಾಡಿ ಬೆಳಿಗ್ಗೆ ಹನ್ನೊಂದಕ್ಕೆ ಹೋದರೆ ಎಲ್ಲ ಮನೆಗಳೂ ಚೆನ್ನಾಗಿಯೇ ಕಾಣುತ್ತವೆ. ಸ್ನಾನ, ತಿಂಡಿ ಮುಗಿದು ಎಲ್ಲರೂ ಒಗೆದ ಬಟ್ಟೆಯಲ್ಲಿ ಕೂತಿರುತ್ತಾರೆ. ಮರೆವಿನ ಕಾಯಿಲೆಯವರಿಗೆ ತಳಮಳ ಏರುವುದು ಹೊತ್ತು ಮುಳುಗುವಾಗ, ಬೆಳಕು ಇಳಿದು ದಿನದ ದಣಿವೂ ಸೇರಿಕೊಂಡಾಗ. ಇನ್ನೊಮ್ಮೆ ಸಂಜೆ ಆರಕ್ಕೆ, ಮೊದಲೇ ಹೇಳದೆ ಹೋಗಿ. ರಾತ್ರಿ ಊಟ ಮುಗಿಯುವವರೆಗೆ ಕೂತು ಬನ್ನಿ. ಮನೆಯವರಿಗೂ ಊಟದ ಹೊತ್ತಿಗೆ ಯಾವತ್ತೂ ಪ್ರವೇಶವಿಲ್ಲ ಅಂದರೆ ಆ ಮನೆಯನ್ನು ಬಿಟ್ಟುಬಿಡಿ.

ಅಲ್ಲಿ ಕೂತಾಗ ಕಿವಿಗೆ ಕೆಲಸ ಕೊಡಿ. ಯಾರಾದರೊಬ್ಬ ಅಜ್ಜಿ ‘ಮನಿಗೆ ಹೋಗ್ತೀನಿ’ ಅಂತ ಏಳುತ್ತಾರೆ. ಆಗ ಆಯಾ ಏನು ಹೇಳುತ್ತಾರೆ? ‘ಇದೇ ನಿಮ್ಮನಿ, ಕುಂದ್ರಿ’ ಅಂತ ಭುಜ ಒತ್ತಿ ಟಿ.ವಿ. ಸದ್ದು ಜೋರು ಮಾಡಿದರೆ ಅವರಿಗೆ ಈ ಕೆಲಸ ಗೊತ್ತಿಲ್ಲ. ಗೊತ್ತಿರುವವರು ವಾದಕ್ಕೆ ಇಳಿಯುವುದಿಲ್ಲ. ‘ಹೌದೇನಜ್ಜಿ, ಎಮ್ಮಿ ಎಷ್ಟು ಹಾಲು ಕೊಡ್ತಿತ್ತು?’ ಅಂತ ಕೈ ಹಿಡಿದು ಅಂಗಳದಲ್ಲಿ ಎರಡು ಸುತ್ತು ಹಾಕಿಸುತ್ತಾರೆ. ಮಾತು ಎಮ್ಮೆಯಿಂದ ಹೊಲಕ್ಕೆ, ಹೊಲದಿಂದ ಊಟಕ್ಕೆ ಬರುತ್ತದೆ. ಹಾಗೆ ಸುತ್ತು ಹಾಕಲು ಜಾಗ ಇದೆಯೇ ಅಂತಲೂ ನೋಡಿ. ಓಡಾಡುವ ಜೀವವನ್ನು ಒಂದೇ ಕೋಣೆಯಲ್ಲಿ ಕೂಡಿಟ್ಟರೆ ರೇಗಾಟ ಹೆಚ್ಚುತ್ತದೆ, ಆಮೇಲೆ ಅದಕ್ಕೆ ಮಾತ್ರೆ ಬರುತ್ತದೆ.

ಚಿಕ್ಕ ಮನೆಯಲ್ಲಿ ದಿನಾ ಅದೇ ಮುಖಗಳು ಕಾಣುವುದು ದೊಡ್ಡ ಅನುಕೂಲ. ತೊಡಕೂ ಅಲ್ಲೇ ಇದೆ: ಒಬ್ಬರು ರಜೆ ಹಾಕಿದರೆ ಅರ್ಧ ಕೆಲಸ ನಿಲ್ಲುತ್ತದೆ. ಹತ್ತು ಜನರಿಗೆ ಅಡುಗೆಯವರನ್ನು ಬಿಟ್ಟು ಹಗಲು ಮೂವರು, ರಾತ್ರಿ ಎಚ್ಚರವಿರುವ ಇಬ್ಬರು ಇರಲೇಬೇಕು ಎಂಬುದು ನಮ್ಮ ಅಭಿಪ್ರಾಯ. ಬಿದ್ದವರನ್ನು ಒಬ್ಬರೇ ಎತ್ತಲಾಗುವುದಿಲ್ಲ. ಒಬ್ಬರ ಡೈಪರ್ ಬದಲಿಸುವಾಗ ಉಳಿದ ಒಂಬತ್ತು ಜನರ ಮೇಲೆ ಯಾರದಾದರೂ ಕಣ್ಣಿರಬೇಕು. ‘ದುಗ್ಗಮ್ಮನ ಜಾತ್ರೆ ರಾತ್ರಿ ಇಲ್ಲಿ ಯಾರಿರ್ತಾರೆ?’ ಅಂತ ನೇರವಾಗಿ ಕೇಳಿ. ಹೆಸರು ಹಿಡಿದು ಉತ್ತರ ಬರಬೇಕು.

ಬಚ್ಚಲಿಗೆ ಹೋಗಿ ನೀವೇ ಬಾಗಿಲು ಹಾಕಿ ನೋಡಿ. ಬಾಗಿಲು ಹೊರಕ್ಕೆ ತೆರೆಯಬೇಕು. ಒಳಕ್ಕೆ ತೆರೆದರೆ ಬಿದ್ದವರ ಮೈಯೇ ಅಡ್ಡವಾಗುತ್ತದೆ. ಚಿಲಕ ಹೊರಗಿನಿಂದಲೂ ತೆಗೆಯುವಂತಿರಬೇಕು. ಕಮೋಡಿನ ಪಕ್ಕದ ಹಿಡಿಕೆಗೆ ನಿಮ್ಮ ಪೂರ್ತಿ ಭಾರ ಬಿಟ್ಟು ಜಗ್ಗಿ. ಟವೆಲ್ ಹಾಕುವ ಸರಳನ್ನೇ ಹಿಡಿಕೆ ಅಂತ ತೋರಿಸುವವರಿದ್ದಾರೆ. ಬಾಗಿಲ ಬುಡದಲ್ಲಿ ಕಪ್ಪು ಮ್ಯಾಟ್ ಇದ್ದರೆ ಈ ಕಾಯಿಲೆಯವರ ಕಣ್ಣಿಗೆ ಅದು ಗುಂಡಿಯಂತೆ ಕಾಣಬಹುದು, ದಾಟಲು ಹೋಗಿ ಬೀಳುತ್ತಾರೆ. ರಾತ್ರಿ ಹಾಸಿಗೆಯಿಂದ ಬಚ್ಚಲವರೆಗೆ ದೀಪ ಉರಿಯಬೇಕು. ಗೇಟಿಗೆ ಬೀಗ ಸರಿ, ಆದರೆ ಬೆಂಕಿ ಬಿದ್ದರೆ ಆ ಕೀ ಯಾರ ಹತ್ತಿರ ಇರುತ್ತದೆ?

ಊಟದಲ್ಲಿ ತಟ್ಟೆಗಿಂತ ಬಾಯಿ ನೋಡಿ. ಕಾಯಿಲೆ ಮುಂದುವರಿದಂತೆ ನುಂಗುವುದೂ ಮರೆಯುತ್ತದೆ. ಜೋಳದ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಮೆತ್ತಗೆ ಕಿವುಚಿ ಕೊಡುತ್ತಾರೆಯೇ? ಒಣ ಮಂಡಕ್ಕಿ, ಶೇಂಗಾ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ನಮ್ಮೂರಲ್ಲಿ ಪ್ರೀತಿಯಿಂದ ಮೊದಲು ಕೊಡುವುದೇ ಅದನ್ನು, ಹಾಗಾಗಿ ನೆಂಟರಿಗೂ ಹೇಳಿಡಿ. ಉಣಿಸುವಾಗ ನೆಟ್ಟಗೆ ಕೂರಿಸಬೇಕು, ಉಂಡ ಮೇಲೆ ಅರ್ಧ ಗಂಟೆ ಮಲಗಿಸಬಾರದು. ಬಿಳಿ ತಟ್ಟೆಯಲ್ಲಿ ಮೊಸರನ್ನ ಹಾಕಿದರೆ ಎಷ್ಟೋ ಜನರಿಗೆ ಅನ್ನವೇ ಕಾಣುವುದಿಲ್ಲ, ‘ಅಜ್ಜಿ ಉಣ್ಣಲಿಲ್ಲ’ ಅಂತ ತಟ್ಟೆ ಎತ್ತಿಬಿಡುತ್ತಾರೆ. ತಿಂಗಳ ತೂಕದ ರಿಜಿಸ್ಟರ್ ಕೇಳಿ. 60 ಕೆ.ಜಿ. ಇದ್ದವರು ಒಂದು ತಿಂಗಳಲ್ಲಿ 3 ಕೆ.ಜಿ. ಇಳಿದರೆ ವೈದ್ಯರಿಗೆ ತೋರಿಸಲೇಬೇಕು.

ಹಣದ ಮಾತು ಬರಹದಲ್ಲಿರಲಿ. ಡೈಪರ್ ಲೆಕ್ಕ ಯಾರದು? ದಿನಕ್ಕೆ ನಾಲ್ಕರಂತೆ ತಿಂಗಳಿಗೆ 120 ಆಗುತ್ತದೆ. ಆಸ್ಪತ್ರೆಗೆ ಸೇರಿಸಿದರೆ ಜೊತೆಗೆ ಯಾರು ಕೂರುತ್ತಾರೆ, ಯಾವ ಸ್ಥಿತಿ ಬಂದರೆ ‘ಕರ್ಕೊಂಡು ಹೋಗ್ರಿ’ ಅನ್ನುತ್ತಾರೆ, ಆಗ ಡಿಪಾಸಿಟ್ ಎಷ್ಟು ದಿನದಲ್ಲಿ ವಾಪಸ್ಸು? ಎ.ಟಿ.ಎಂ. ಕಾರ್ಡು, ಪಿಂಚಣಿ ಪುಸ್ತಕ ಮನೆ ನಡೆಸುವವರ ಕೈಗೆ ಕೊಡಬೇಡಿ. ಡಿಪಾಸಿಟ್ ಕಟ್ಟುವ ಮುಂಚೆ 15 ದಿನ ಇಟ್ಟು ನೋಡಲು ಒಪ್ಪುತ್ತಾರೆಯೇ ಕೇಳಿ.

ಪ್ರಶ್ನೆ: ಅಪ್ಪನನ್ನು ಇಂಥದ್ದೇ ಮನೆಗೆ ಸೇರಿಸಿ ಎಂಟು ದಿನ. ನಡೆದುಕೊಂಡು ಒಳಗೆ ಹೋದವರು ಈಗ ಹಗಲೆಲ್ಲ ಮಲಗಿರುತ್ತಾರೆ, ಮಾತು ತೊದಲುತ್ತದೆ. ‘ಹೊಂದ್ಕೊಳ್ತಾರೆ ಬಿಡಿ’ ಅನ್ನುತ್ತಾರೆ. ಕಾಯಬಹುದೇ?
– ಓದುಗರು, ಚಿತ್ರದುರ್ಗ

ಉತ್ತರ: ಕಾಯಬೇಡಿ. ಮರೆವಿನ ಕಾಯಿಲೆ ಎಂಟು ದಿನದಲ್ಲಿ ಹೀಗೆ ಏರುವುದಿಲ್ಲ. ಮಾತು ತೊದಲುವುದರ ಜೊತೆ ಬಾಯಿ ಸೊಟ್ಟಗಾಗಿದ್ದರೆ, ಒಂದು ಕೈ ಎತ್ತಲಾಗದಿದ್ದರೆ ಅದು ಲಕ್ವ ಇರಬಹುದು. ಆ ಗಳಿಗೆಯೇ ಆಸ್ಪತ್ರೆಗೆ ಒಯ್ಯಿರಿ. ಇಲ್ಲದಿದ್ದರೂ ಇವತ್ತೇ ವೈದ್ಯರಿಗೆ ತೋರಿಸಿ ಮೂತ್ರ, ಸಕ್ಕರೆ, ಸೋಡಿಯಂ ಪರೀಕ್ಷೆ ಮಾಡಿಸಿ. ಮೂತ್ರದ ಸೋಂಕು, ನೀರು ಸಾಲದಿರುವುದು, ನಾಲ್ಕು ದಿನ ಮಲ ಹೋಗದಿರುವುದು, ಬಿದ್ದು ತಲೆಗೆ ಪೆಟ್ಟಾಗಿರುವುದು ಇವೆಲ್ಲ ವಯಸ್ಸಾದವರನ್ನು ಹೀಗೇ ಮಂಕಾಗಿಸುತ್ತವೆ.

ಜೊತೆಗೆ ಔಷಧಿ ರಿಜಿಸ್ಟರ್ ತೆಗೆಸಿ, ಹೊಸ ಮಾತ್ರೆ ಸೇರಿದೆಯೇ ನೋಡಿ. ಮನೋರೋಗಕ್ಕೆ ಕೊಡುವ ರಿಸ್ಪೆರಿಡೋನ್, ಕ್ವೆಟಿಯಾಪಿನ್, ಹ್ಯಾಲೊಪೆರಿಡಾಲ್ ಹೆಸರು ಕಂಡರೆ ಯಾವ ವೈದ್ಯರು ಬರೆದರು, ಎಷ್ಟು ದಿನಕ್ಕೆ ಅಂತ ಕೇಳಿ. ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇರುವ ವೃದ್ಧರಲ್ಲಿ ಇಂಥ ಔಷಧಿಗಳಿಂದ ಸಾವಿನ ಅಪಾಯ ಹೆಚ್ಚುತ್ತದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಮೊದಲೆರಡರಂಥವುಗಳ ಬಗ್ಗೆ 2005ರಲ್ಲೇ, ಹ್ಯಾಲೊಪೆರಿಡಾಲ್‌ನಂಥವುಗಳ ಬಗ್ಗೆ 2008ರಲ್ಲಿ ಎಚ್ಚರಿಸಿದೆ. ತೀರಾ ಅಗತ್ಯವಿದ್ದಾಗ ಸಣ್ಣ ಪ್ರಮಾಣದಲ್ಲಿ, ಸ್ವಲ್ಪ ದಿನ ಕೊಡುವುದುಂಟು. ನೋಡಿಕೊಳ್ಳುವವರ ನಿದ್ದೆಗಾಗಿ ಕೊಡುವಂಥದ್ದಲ್ಲ. ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರೇ ನಿಲ್ಲಿಸಲಿ. ರಿಜಿಸ್ಟರ್ ತೋರಿಸಲು ಒಪ್ಪದಿದ್ದರೆ ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಕರೆ ಮಾಡಿ.

ಪ್ರಶ್ನೆ: ಅತ್ತೆಯವರನ್ನು ಬಿಟ್ಟು ಬರುವ ದಿನ ಏನಂತ ಹೇಳಬೇಕು?
– ಓದುಗರು, ಹರಿಹರ

ಉತ್ತರ: ಒಂದು ವಾರ ಮೊದಲಿನಿಂದ ವಿವರಿಸಬೇಡಿ, ಮಾತು ಮರೆತರೂ ದಿಗಿಲು ಉಳಿಯುತ್ತದೆ. ಬೆಳಿಗ್ಗೆ ತಿಂಡಿಯಾದ ಮೇಲೆ ಕರೆದೊಯ್ಯಿರಿ, ಊಟಕ್ಕೆ ಕೂರಿಸಿ, ಅವರು ಉಣ್ಣುತ್ತಿರುವಾಗ ಆಯಾ ಪಕ್ಕದಲ್ಲಿರಲಿ, ‘ಸಂತಿ ಮಾಡ್ಕೊಂಡು ಬರ್ತೀನಿ ಅತ್ತಿ’ ಅಂತಷ್ಟೇ ಹೇಳಿ ಹೊರಡಿ. ಅವರು ದಿನಾ ಹೊದೆಯುವ ಕೌದಿಯನ್ನು ಒಗೆಯದೆ ಕೊಡಿ, ಮನೆಯ ವಾಸನೆ ಅದರಲ್ಲಿರುತ್ತದೆ. ಒಂದು ಹಾಳೆಯಲ್ಲಿ ಬರೆದಿಡಿ: ಯಾವ ಹೆಸರಿಗೆ ‘ಓ’ ಅನ್ನುತ್ತಾರೆ, ಚಹಾಕ್ಕೆ ಸಕ್ಕರೆ ಎಷ್ಟು, ಎಲೆಯಡಿಕೆ ಎಷ್ಟು ಹೊತ್ತಿಗೆ, ಯಾವ ಕಿವಿ ಕೇಳಿಸುವುದಿಲ್ಲ.