ನೂರಿಪ್ಪತ್ತು ಗೊಂಚಲು, ನಾಲ್ಕೇ ಬಳ್ಳಿ

ಪ್ರಶ್ನೆ: ಧಾರವಾಡದಿಂದ ಬಂದು ಪುಣೆಯಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಎರಡನೆಯ ವರ್ಷ ಓದುತ್ತಿದ್ದೇನೆ. ಕೃಷಿ ಸಂಶೋಧಕರೊಬ್ಬರು ನಾರಾಯಣಗಾಂವ್ ಕಡೆಯ ದ್ರಾಕ್ಷಿ ತೋಟದ ಅಳತೆಗಳನ್ನು ಕೊಟ್ಟು, ಯಾವ ಟೆಸ್ಟ್ ಹಾಕಿದರೆ ಪಿ-ವ್ಯಾಲ್ಯೂ (ನಿಜವಾದ ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ಅಥವಾ ಇನ್ನೂ ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಂಭವ) ರೂಢಿಯ ಮಿತಿಯಾದ 0.05ಕ್ಕಿಂತ ಕೆಳಗೆ ಬಂದೀತು ಎಂದು ಕೇಳಿದ್ದಾರೆ. ಇದನ್ನೇ ಅಂತರಶಿಸ್ತೀಯ ಸಂಶೋಧನೆಯಾಗಿ ಪಿಎಚ್.ಡಿ.ಗೆ ಮುಂದುವರಿಸಬಹುದೇ?

ಉತ್ತರ: ಬೇಡ. ಇದೇ ಪ್ರಶ್ನೆ ಒಮ್ಮೆ ರಕ್ತದೊತ್ತಡದ, ಒಮ್ಮೆ ಮಳೆಯ ವೇಷ ಹಾಕಿಕೊಂಡು ನನ್ನ ಬಳಿಗೆ ಮತ್ತೆ ಮತ್ತೆ ಬರುತ್ತಿರುವುದರಿಂದ ಈ ಸಲ ಜಾಗವನ್ನೆಲ್ಲ ಇದಕ್ಕೇ ಕೊಡುತ್ತೇನೆ.

ನೀವು ಕಳಿಸಿದ ಹಾಳೆಯಲ್ಲಿ ಗೊಂಚಲಿಗೊಂದರಂತೆ 120 ಸಾಲುಗಳಿವೆ. ಎರಡನೆಯ ಕಾಲಂನಲ್ಲಿರುವ ಬಳ್ಳಿಯ ಸಂಖ್ಯೆಯನ್ನು ನೋಡಿದಿರಾ? ಅದು 4ನ್ನು ದಾಟುವುದೇ ಇಲ್ಲ. ಎರಡು ಬಳ್ಳಿಗಳ ಬುಡಕ್ಕೆ ಹೊಸ ಗೊಬ್ಬರ ಬಿದ್ದಿದೆ, ಎರಡಕ್ಕೆ ಬಿದ್ದಿಲ್ಲ. ಒಂದೊಂದರಿಂದ 30 ಗೊಂಚಲು ಕಿತ್ತು ತೂಗಿದ್ದಾರೆ. ಗೊಬ್ಬರ ಹಾಕಿದ್ದು ಬಳ್ಳಿಗೆ, ಗೊಂಚಲಿಗಲ್ಲ. ಒಂದೇ ಬೇರಿನ ನೀರು ಕುಡಿದ 30 ಗೊಂಚಲುಗಳನ್ನು 30 ಸಾಕ್ಷಿಗಳೆಂದು ಎಣಿಸಿದರೆ ಎರಡು ಗುಂಪುಗಳ ಸರಾಸರಿಯನ್ನು ಹೋಲಿಸುವ ಟಿ-ಟೆಸ್ಟಿಗೆ 118 ಸ್ವಾತಂತ್ರ್ಯಾಂಶಗಳು (ಸ್ವತಂತ್ರ ಸಾಕ್ಷಿಗಳ ಒಟ್ಟು ಎಣಿಕೆಯಲ್ಲಿ ಗುಂಪಿಗೊಂದರಂತೆ ಎರಡನ್ನು ಕಳೆದದ್ದು) ಸಿಕ್ಕಂತೆ ಕಾಣುತ್ತದೆ, 0.05ರ ಮಿತಿಗೆ ಟಿ ಬೆಲೆ ದಾಟಬೇಕಾದ ಗೆರೆ 1.98ಕ್ಕೆ ಇಳಿಯುತ್ತದೆ. ಬಳ್ಳಿಗಳು ನಾಲ್ಕೇ ಆದ್ದರಿಂದ ನಿಜವಾಗಿ ಇರುವ ಸ್ವಾತಂತ್ರ್ಯಾಂಶಗಳು 2, ಗೆರೆ 4.30. ಯಾವ ಟೆಸ್ಟೂ ಐದನೆಯ ಬಳ್ಳಿಯನ್ನು ನೆಟ್ಟುಕೊಡಲಾರದು.

ಅಂತರಶಿಸ್ತೀಯ ಎಂಬ ಮಾತಿಗೆ ಅರ್ಥ ಬೇಕಿದ್ದರೆ ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಅವರನ್ನು ನೆನೆಯಿರಿ. ಅವರು 1946ರಲ್ಲಿ ಕೇಂಬ್ರಿಜ್‌ಗೆ ಹೋದದ್ದು ಸುಡಾನಿನ ಜೆಬೆಲ್ ಮೋಯಾದಲ್ಲಿ ಅಗೆದು ತೆಗೆದ ಪುರಾತನ ಮೂಳೆಗಳ ಅಳತೆಗಳನ್ನು ವಿಶ್ಲೇಷಿಸಲು. ಯಾವ ಗುಂಪಿಗೆ ಯಾವುದು ಸೇರುತ್ತದೆ ಎಂಬ ಮಾನವಶಾಸ್ತ್ರದ ಪ್ರಶ್ನೆಯೇ ಜೈವಿಕ ವರ್ಗೀಕರಣವನ್ನು ಕುರಿತ ಅವರ 1948ರ ಪಿಎಚ್.ಡಿ. ಪ್ರಬಂಧಕ್ಕೆ ದಾರಿಯಾಯಿತು. ಬೇರೆ ಶಾಸ್ತ್ರದ ಪ್ರಶ್ನೆ ನಿಮ್ಮ ಗಣಿತವನ್ನು ಅಲುಗಾಡಿಸದಿದ್ದರೆ ನೀವು ಮಾಡುತ್ತಿರುವುದು ಗುಮಾಸ್ತಿಕೆ.

ಆ ಸಂಶೋಧಕರಿಗೆ ಒಪ್ಪಿಗೆಯಿದ್ದರೆ ಅಕ್ಟೋಬರ್ ಚಾಟನಿಗೆ (ಬಳ್ಳಿಯ ರೆಂಬೆ ಕತ್ತರಿಸುವ ಕೆಲಸಕ್ಕೆ) ಮೊದಲೇ ತೋಟಕ್ಕೆ ಹೋಗಿ, ಸಾಲುಗಳ ಇಳಿಜಾರನ್ನೂ ನೀರು ಬರುವ ದಿಕ್ಕನ್ನೂ ನೋಡಿ, ಯಾವ ಬಳ್ಳಿಗೆ ಗೊಬ್ಬರ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ. ಇಬ್ಬರು ಮಾರ್ಗದರ್ಶಕರಿರಲಿ, ಲೇಖನದಲ್ಲಿ ಯಾರ ಹೆಸರು ಎಲ್ಲಿ ಎಂಬುದು ಮೊದಲೇ ಬರವಣಿಗೆಯಲ್ಲಿರಲಿ. ನನ್ನ ಎಚ್ಚರ ಅತಿಯೆನಿಸಬಹುದು. ಹಿಂದೊಮ್ಮೆ ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಇಂಥದೇ ಹಾಳೆಗೆ ಕೈಹಾಕಿದೆ, ಆ ಲೇಖನವನ್ನು ಇಂದಿಗೂ ನನ್ನ ಪಟ್ಟಿಯಲ್ಲಿ ತೋರಿಸುವುದಿಲ್ಲ. ಇನ್ನು, ಕೋಷ್ಟಕಕ್ಕಿಷ್ಟು ಎಂದು ದರ ಹೇಳಿ ಪ್ರಬಂಧದ ಅನಾಲಿಸಿಸ್ ಮಾಡಿಕೊಡುವ ಅಂಗಡಿಗಳಿಗೆ ಹೋಗಲೇಬೇಡಿ. ಎಷ್ಟು ಬಳ್ಳಿ ಎಂದು ಅವರು ಕೇಳುವುದಿಲ್ಲ, ಎಷ್ಟು ನಕ್ಷತ್ರ ಚಿಹ್ನೆ (ಪಿ-ವ್ಯಾಲ್ಯೂ ಕಡಿಮೆಯಿದೆ ಎಂದು ಕೋಷ್ಟಕದಲ್ಲಿ ಹಾಕುವ ಗುರುತು) ಬೇಕು ಎಂದು ಕೇಳುತ್ತಾರೆ.

ಪ್ರಶ್ನೆ: ಮಾದರಿಯ ಗಾತ್ರ 30 ಇದ್ದರೆ ಸಾಕಲ್ಲವೇ?

ಉತ್ತರ: 30 ಮಂತ್ರಸಂಖ್ಯೆಯಲ್ಲ; ಮೇಲಿನ ಉತ್ತರವನ್ನು ಇನ್ನೊಮ್ಮೆ ಓದಿ.

ಪ್ರಶ್ನೆ: ವಿಶ್ಲೇಷಣೆಗೆ ಆರ್ ಎಂಬ ಕಂಪ್ಯೂಟರ್ ಭಾಷೆ ಕಲಿಯಲೋ ಪೈಥಾನ್ ಕಲಿಯಲೋ?

ಉತ್ತರ: ಯಾವುದಾದರೂ ಆದೀತು.

ಪ್ರಶ್ನೆ: ಮರಾಠಿ ಬಾರದವರು ಪುಣೆಯಲ್ಲಿ ಈ ವಿಷಯದ ಸಂಶೋಧನೆ ಮಾಡಬಹುದೇ?

ಉತ್ತರ: ತರಗತಿಗೆ ಇಂಗ್ಲಿಷ್ ಸಾಕು. ಯಾವ ಬಳ್ಳಿಯ ಬುಡಕ್ಕೆ ಗೊಬ್ಬರ ಹಾಕಿದಿರಿ ಎಂದು ತೋಟದ ಆಳನ್ನು ವಿಚಾರಿಸಲು ಮರಾಠಿ ಬೇಕು.